77 ನಿಮಿಷಗಳ ಮೌನ: ಮೈಮರೆತ ಪೈಲಟ್‌ಗೆ ಏನು ಶಿಕ್ಷೆ?

ಮೆಟ್ರೋದಲ್ಲಿ ಫೋನ್ ನೋಡ್ತಾ ನೋಡ್ತಾ ಇಳಿಯಬೇಕಾದ ಸ್ಟೇಷನ್ ದಾಟಿ ಹೋಗಿದ್ದೀರಾ? ಮೆಜೆಸ್ಟಿಕ್‌ನಲ್ಲಿ ಇಳಿಯಬೇಕಿತ್ತು, ತಲೆ ಎತ್ತಿ ನೋಡಿದ್ರೆ ಮಾಗಡಿ ರಸ್ತೆ. ಆಮೇಲೇನು, ಎದುರಿನ ಪ್ಲಾಟ್‌ಫಾರ್ಮ್‌ಗೆ ಹೋಗಿ ವಾಪಸ್ ಬರೋದು. ಹತ್ತು ನಿಮಿಷ ಹೋಯ್ತು, ಅಷ್ಟೇ. ಯಾರೂ ಏನೂ ಕೇಳಲ್ಲ.

ಇವತ್ತಿನ ಕಥೆಯಲ್ಲೂ ಇಬ್ಬರು ಇಳಿಯಬೇಕಾದ ಜಾಗ ದಾಟಿ ಹೋಗ್ತಾರೆ. ಆದ್ರೆ ಅವರು ಪ್ರಯಾಣಿಕರಲ್ಲ, ವಿಮಾನ ನಡೆಸುತ್ತಿದ್ದ ಪೈಲಟ್‌ಗಳು. ಅವರ ಹಿಂದೆ 144 ಜನ ಪ್ರಯಾಣಿಕರು ಕೂತಿದ್ದರು. ಯಾರಿಗೂ ಒಂದು ಗಾಯ ಕೂಡ ಆಗಲಿಲ್ಲ. ಆದರೂ ಆರೇ ದಿನದಲ್ಲಿ ಇಬ್ಬರ ಲೈಸೆನ್ಸೂ ರದ್ದಾಯ್ತು.

ಅದು ಸರಿಯಾದ ಶಿಕ್ಷೆಯೇ? ಅದರಿಂದ ಮುಂದಿನ ವಿಮಾನದಲ್ಲಿ ಕೂತವರಿಗೆ ಏನಾದ್ರೂ ಉಪಯೋಗ ಆಯ್ತಾ? ಈ ಪ್ರಶ್ನೆ ಹಿಡಿದುಕೊಂಡು ಹೊರಟರೆ ಅಮೆರಿಕದಿಂದ ಶುರುವಾಗಿ ನಮ್ಮ ಮಂಗಳೂರಿಗೇ ಬಂದು ನಿಲ್ಲುತ್ತೇವೆ. ಬನ್ನಿ.

ಆ ಸಂಜೆ ಏನಾಯ್ತು?

2009ರ ಅಕ್ಟೋಬರ್ 21. ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ 188ನೇ ನಂಬರಿನ ವಿಮಾನ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಿಟ್ಟು ಉತ್ತರದ ಮಿನಿಯಾಪೊಲಿಸ್ ಕಡೆ ಹೊರಟಿತು. ಏರ್‌ಬಸ್ ಎ320, ಅಂದ್ರೆ ನಾವೆಲ್ಲ ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಹೋಗೋ ಅಂಥದ್ದೇ ವಿಮಾನ. 37,000 ಅಡಿ ಎತ್ತರ, ಆಟೋಪೈಲಟ್ ಆನ್, ಹವಾಮಾನದ ತೊಂದರೆ ಏನೂ ಇಲ್ಲ.

ಡೆನ್ವರ್ ಪ್ರದೇಶ ದಾಟುವ ಹೊತ್ತಿಗೆ ವಿಮಾನದಿಂದ ಉತ್ತರ ಬರೋದು ನಿಂತುಹೋಯ್ತು. ಕಂಟ್ರೋಲ್ ಕೇಂದ್ರದವರು ಕರೆದರು, ಉತ್ತರ ಇಲ್ಲ. ಕಂಪನಿಯ ಕಚೇರಿಯಿಂದ ಕಾಕ್‌ಪಿಟ್‌ನ ಪರದೆಗೆ ಸಂದೇಶದ ಮೇಲೆ ಸಂದೇಶ ಹೋಯ್ತು. ಸಂದೇಶ ಬಂದಾಗ ಗಂಟೆ ಬಾರಿಸುವ ವ್ಯವಸ್ಥೆ ಆ ವಿಮಾನದಲ್ಲಿ ಇರಲಿಲ್ಲ. ಪರದೆ ನೋಡಿದವರಿಗೆ ಮಾತ್ರ ಗೊತ್ತಾಗಬೇಕು. ಅದನ್ನೂ ಯಾರೂ ನೋಡಲಿಲ್ಲ.

ರಾತ್ರಿ ಎಂಟಕ್ಕೆ ಸ್ವಲ್ಪ ಮುಂಚೆ ವಿಮಾನ ಮಿನಿಯಾಪೊಲಿಸ್ ನಿಲ್ದಾಣದ ಮೇಲೆ ಬಂತು. ಇಳಿಯಲಿಲ್ಲ. ಹಾಗೇ ಮುಂದಕ್ಕೆ ಹೋಯ್ತು. ಅಪಹರಣ ಆಗಿರಬಹುದು ಅನ್ನುವ ಅನುಮಾನದಲ್ಲಿ ವಾಯುಪಡೆಯ ಯುದ್ಧವಿಮಾನಗಳನ್ನು ರನ್‌ವೇ ಮೇಲೆ ಸಜ್ಜಾಗಿ ಇಟ್ಟರು. ಅವು ಮೇಲೇರುವ ಪ್ರಸಂಗ ಬರಲಿಲ್ಲ.

ಕೊನೆಗೆ ಎಚ್ಚರಿಸಿದ್ದು ಯಾವ ರಾಡಾರೂ ಅಲ್ಲ. ಗಗನಸಖಿಯೊಬ್ಬರು ಒಳಗಿನ ಫೋನ್‌ನಲ್ಲಿ ಕಾಕ್‌ಪಿಟ್‌ಗೆ ಕರೆ ಮಾಡಿ, ಎಷ್ಟು ಹೊತ್ತಿಗೆ ಇಳಿಯುತ್ತೇವೆ ಅಂತ ಕೇಳಿದರು. ಕ್ಯಾಪ್ಟನ್ ಪರದೆ ನೋಡಿದರು. ಇಳಿಯಬೇಕಾದ ಊರು ಹಿಂದೆ ಉಳಿದಿತ್ತು. 77 ನಿಮಿಷ ಆ ವಿಮಾನದಿಂದ ಒಂದು ಮಾತೂ ಹೊರಗೆ ಬಂದಿರಲಿಲ್ಲ. ನಿಲ್ದಾಣ ದಾಟಿ ಸುಮಾರು 150 ಮೈಲಿ, ಅಂದ್ರೆ 240 ಕಿಲೋಮೀಟರ್ ಹೋಗಿಯಾಗಿತ್ತು. ಬೆಂಗಳೂರಿನಲ್ಲಿ ಇಳಿಯಬೇಕಾದ ವಿಮಾನ ಚೆನ್ನೈ ಹತ್ತಿರ ಹೋದ ಹಾಗೆ.

ವಾಪಸ್ ಬರುವಾಗ ಕಂಟ್ರೋಲರ್‌ಗಳು ಒಂದಷ್ಟು ತಿರುವು ಹಾಕಿಸಿ ನೋಡಿದರು. ವಿಮಾನ ನಿಜಕ್ಕೂ ಪೈಲಟ್‌ಗಳ ಕೈಯಲ್ಲೇ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳೋಕೆ. ಒಂದು ಗಂಟೆಗೂ ಹೆಚ್ಚು ತಡವಾಗಿ ವಿಮಾನ ಇಳಿಯಿತು. ಪೊಲೀಸರು ಒಳಗೆ ಬಂದಾಗಲೇ ಪ್ರಯಾಣಿಕರಿಗೆ ಏನೋ ಆಗಿದೆ ಅಂತ ಗೊತ್ತಾಗಿದ್ದು. ಪೈಲಟ್‌ಗಳ ಉಸಿರು ಪರೀಕ್ಷೆ ಆಯ್ತು, ಮದ್ಯ ಕುಡಿದಿರಲಿಲ್ಲ.

ಹಾಗಾದ್ರೆ ಏನು ಮಾಡ್ತಿದ್ರು? ನಿದ್ದೆ ಮಾಡಿರಬೇಕು ಅಂತ ಊರೆಲ್ಲ ಮಾತಾಡಿಕೊಂಡಿತು. ಪೈಲಟ್‌ಗಳು ತನಿಖೆಯಲ್ಲಿ ಹೇಳಿದ್ದೇ ಬೇರೆ. ಹಿಂದಿನ ವರ್ಷ ನಾರ್ತ್‌ವೆಸ್ಟ್ ಕಂಪನಿಯನ್ನು ಡೆಲ್ಟಾ ಕೊಂಡುಕೊಂಡಿತ್ತು. ಯಾರಿಗೆ ಯಾವ ತಿಂಗಳು ಯಾವ ವಿಮಾನ ಅನ್ನುವ ಡ್ಯೂಟಿ ಪಟ್ಟಿಯ ವ್ಯವಸ್ಥೆ ಬದಲಾಗಿತ್ತು. ಅದು ಹೇಗೆ ಅಂತ ಕೋ-ಪೈಲಟ್ ಕ್ಯಾಪ್ಟನ್‌ಗೆ ತೋರಿಸುತ್ತಿದ್ದರು. ಇಬ್ಬರ ತೊಡೆಯ ಮೇಲೂ ಸ್ವಂತ ಲ್ಯಾಪ್‌ಟಾಪ್. ಕಾಕ್‌ಪಿಟ್‌ನಲ್ಲಿ ಅವನ್ನು ತೆರೆಯಬಾರದು ಅಂತ ಕಂಪನಿಯ ನಿಯಮ ಇತ್ತು.

ಗಮನಿಸಿ, ಸಿನಿಮಾ ನೋಡ್ತಿರಲಿಲ್ಲ, ಗೇಮ್ ಆಡ್ತಿರಲಿಲ್ಲ. ಕೆಲಸದ ಬಗ್ಗೆ ಮಾತಾಡ್ತಾ ಕೆಲಸವನ್ನೇ ಮರೆತರು.

ಅಮಾನತು ಬೇರೆ, ರದ್ದು ಬೇರೆ

ಅಕ್ಟೋಬರ್ 27ಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತುರ್ತು ಆದೇಶ ಹೊರಡಿಸಿ ಇಬ್ಬರ ಲೈಸೆನ್ಸ್ ರದ್ದು ಮಾಡಿತು. ಕಂಟ್ರೋಲ್ ಕೇಂದ್ರದ ಸೂಚನೆ ಪಾಲಿಸಲಿಲ್ಲ, ಅಜಾಗರೂಕತೆಯಿಂದ ವಿಮಾನ ನಡೆಸಿದರು ಅನ್ನೋದು ಆರೋಪ. ಕಂಪನಿಯೂ ಇಬ್ಬರನ್ನು ಕೆಲಸದಿಂದ ದೂರ ಇಟ್ಟಿತು.

ಇಲ್ಲಿ ಒಂದು ವಿಷಯ ತಿಳ್ಕೊಳ್ಳಿ. ಅಮಾನತು ಅಂದ್ರೆ ಇಷ್ಟು ದಿನ ಹಾರಬೇಡಿ, ಆಮೇಲೆ ಲೈಸೆನ್ಸ್ ವಾಪಸ್ ತಗೊಳ್ಳಿ ಅಂತ. ರದ್ದು ಅಂದ್ರೆ ನಿಮ್ಮ ಹತ್ತಿರ ಲೈಸೆನ್ಸೇ ಇಲ್ಲ. ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು, ಆಮೇಲೆ ಮತ್ತೆ ಪರೀಕ್ಷೆ ಬರೆದು, ಹಾರಿಸಿ ತೋರಿಸಿ, ಹೊಸದಾಗಿ ಪಡೆಯಬೇಕು. ಆ ಕ್ಯಾಪ್ಟನ್‌ಗೆ ಸುಮಾರು 20,000 ಗಂಟೆ ಹಾರಿದ ಅನುಭವ ಇತ್ತು. ಐವತ್ತು ದಾಟಿದ ವಯಸ್ಸಲ್ಲಿ ಅವರು ಕಲಿಯೋ ಹುಡುಗರ ಸಾಲಿನಲ್ಲಿ ನಿಲ್ಲಬೇಕಾಯ್ತು.

ಇಬ್ಬರೂ ಮೇಲ್ಮನವಿ ಹಾಕಿದರು. ಕಂಟ್ರೋಲರ್‌ಗಳದ್ದೂ ತಪ್ಪಿದೆ ಅನ್ನೋದು ಅವರ ವಾದ. ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಉತ್ತರ ಕೊಡದ ವಿಮಾನದ ಬಗ್ಗೆ ಸೇನೆಗೆ ಸುದ್ದಿ ಮುಟ್ಟಿಸೋಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿದಿತ್ತು. ಕಂಟ್ರೋಲ್ ಕೇಂದ್ರದ ಪದ್ಧತಿಗಳಲ್ಲೂ ದೋಷ ಇದೆ ಅಂತ ತನಿಖಾ ಮಂಡಳಿ ಎನ್‌ಟಿಎಸ್‌ಬಿಯೂ ಹೇಳಿತು. ಆದರೆ ಘಟನೆಯ ಕಾರಣ ಅಂತ ಮಂಡಳಿ ಬರೆದದ್ದು ಸ್ಪಷ್ಟವಾಗಿತ್ತು: ಹಾರಾಟಕ್ಕೆ ಸಂಬಂಧವಿಲ್ಲದ ಮಾತು ಮತ್ತು ಕೆಲಸದಲ್ಲಿ ಮುಳುಗಿ ಪೈಲಟ್‌ಗಳು ರೇಡಿಯೋ, ಉಪಕರಣ, ವಿಮಾನದ ದಾರಿ ಯಾವುದನ್ನೂ ಗಮನಿಸಲಿಲ್ಲ.

2010ರ ಮಾರ್ಚ್‌ನಲ್ಲಿ ರಾಜಿ ಆಯ್ತು. ಪೈಲಟ್‌ಗಳು ಮೇಲ್ಮನವಿ ಬಿಟ್ಟರು. ಒಂದು ವರ್ಷದ ಬದಲು ಹತ್ತು ತಿಂಗಳಿಗೆ, ಅಂದ್ರೆ ಆ ವರ್ಷದ ಆಗಸ್ಟ್ 29ರಿಂದ ಹೊಸ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು ಅಂತ ಎಫ್‌ಎಎ ಒಪ್ಪಿತು.

ಈಗ ಇದನ್ನು ಇನ್ನೊಂದು ಪ್ರಕರಣದ ಪಕ್ಕ ಇಟ್ಟು ನೋಡೋಣ. 2008ರ ಫೆಬ್ರವರಿ 13, ಹವಾಯಿ ದ್ವೀಪಗಳು. ಗೋ ಅನ್ನುವ ಕಂಪನಿಯ ಚಿಕ್ಕ ಜೆಟ್ ಹೊನೊಲುಲುವಿನಿಂದ ಹಿಲೋಗೆ ಹೊರಟಿತ್ತು. ಒಂದು ಗಂಟೆಯೂ ಇಲ್ಲದ ಪ್ರಯಾಣ, ಅದೂ ಬೆಳಗಿನ ಹೊತ್ತು. ಇಬ್ಬರೂ ಪೈಲಟ್‌ಗಳು ನಿದ್ದೆ ಹೋದರು! 18 ನಿಮಿಷ ಉತ್ತರ ಇಲ್ಲ. ಹಿಲೋ ದಾಟಿ ಸಮುದ್ರದ ಮೇಲೆ ಹೋದ ಮೇಲೆ ಎಚ್ಚರ ಆಯ್ತು. ಕಂಪನಿ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಎಫ್‌ಎಎ ಮಾತ್ರ ಕ್ಯಾಪ್ಟನ್ ಲೈಸೆನ್ಸನ್ನು 60 ದಿನ, ಕೋ-ಪೈಲಟ್‌ದು 45 ದಿನ ಅಮಾನತು ಮಾಡಿತು, ಅಷ್ಟೇ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಅಂದ್ರೆ ಸ್ಲೀಪ್ ಆಪ್ನಿಯಾ, ಕ್ಯಾಪ್ಟನ್‌ಗೆ ಇದೆ ಅಂತ ಆಮೇಲೆ ಗೊತ್ತಾಯ್ತು. ದಿನಾ ನಸುಕಿನಲ್ಲಿ ಎದ್ದು ಡ್ಯೂಟಿಗೆ ಹೋಗ್ತಿದ್ದರು ಅನ್ನೋದೂ ವರದಿಯಲ್ಲಿದೆ.

ನೋಡಿ, ನಿದ್ದೆ ಮಾಡಿದವರಿಗೆ ಎರಡು ತಿಂಗಳು. ಎಚ್ಚರವಾಗಿದ್ದವರಿಗೆ ಹತ್ತು ತಿಂಗಳು, ಅದೂ ಹೊಸದಾಗಿ ಪರೀಕ್ಷೆ ಬರೆದು. ವಿಚಿತ್ರ ಅನ್ಸುತ್ತೆ, ಆದರೆ ಇದರ ಹಿಂದೆ ಒಂದು ತರ್ಕ ಇದೆ. ನಿದ್ದೆ ತಾನಾಗಿ ಬರುತ್ತೆ, ಲ್ಯಾಪ್‌ಟಾಪ್ ತಾನಾಗಿ ತೆರೆದುಕೊಳ್ಳಲ್ಲ. ಮೊದಲನೆಯದು ದೇಹದ ಸೋಲು, ಎರಡನೆಯದು ಬೇಡ ಅಂದಿದ್ದನ್ನು ಗೊತ್ತಿದ್ದೂ ಮಾಡಿದ್ದು.

ಆದರೆ ಈ ತರ್ಕದಲ್ಲಿ ಒಂದು ತೊಡಕಿದೆ. ನಾರ್ತ್‌ವೆಸ್ಟ್ ಪೈಲಟ್‌ಗಳು ಲ್ಯಾಪ್‌ಟಾಪ್ ನೋಡ್ತಿದ್ದರು ಅಂತ ನಮಗೆ ಗೊತ್ತಾಗಿದ್ದು ಹೇಗೆ? ಅವರೇ ಹೇಳಿದ್ದರಿಂದ. ಆ ವಿಮಾನದ ಧ್ವನಿ ಮುದ್ರಿಕೆಯಲ್ಲಿ ಉಳಿಯುತ್ತಿದ್ದದ್ದು ಕೊನೆಯ 30 ನಿಮಿಷದ ಮಾತು ಮಾತ್ರ. ಎಚ್ಚರವಾಗಿ, ತಿರುಗಿ, ಇಳಿಯುವಷ್ಟರಲ್ಲಿ ಆ 77 ನಿಮಿಷದ ಮೇಲೆ ಹೊಸ ಧ್ವನಿ ಕೂತುಬಿಟ್ಟಿತ್ತು. ಮನುಷ್ಯರಿದ್ದರು, ಧ್ವನಿ ಇರಲಿಲ್ಲ.

ಧ್ವನಿ ಇತ್ತು, ಮನುಷ್ಯರಿರಲಿಲ್ಲ

ಅಮೆರಿಕದಲ್ಲಿ ಆ ರಾಜಿ ಆಗಿ ಎರಡು ತಿಂಗಳಾಗಿತ್ತು. 2010ರ ಮೇ 22, ಶನಿವಾರ. ದುಬೈಯಿಂದ ಮಂಗಳೂರಿಗೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ. ಸಿಬ್ಬಂದಿ ಸೇರಿ 166 ಜನ. ಬೆಳಗ್ಗೆ ಆರು ದಾಟಿತ್ತು. ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಮುಗಿದರೂ ವಿಮಾನ ನಿಲ್ಲಲಿಲ್ಲ. ಕೆಳಗಿನ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. 158 ಜನ ಹೋದರು, ಎಂಟು ಜನ ಉಳಿದರು. ಕರಾವಳಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ದಿನಾಂಕವನ್ನು ಇವತ್ತಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದಲ್ಲಿ ತನಿಖೆ ನಡೆಯಿತು. ಈ ವಿಮಾನದ ಧ್ವನಿ ಮುದ್ರಿಕೆ 30 ನಿಮಿಷದ್ದಲ್ಲ, ಎರಡು ಗಂಟೆಯದ್ದು. 2 ಗಂಟೆ 5 ನಿಮಿಷದ ಧ್ವನಿ ಸಿಕ್ಕಿತು. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ಮಾತಿಲ್ಲ. ಭಾರವಾದ ಉಸಿರು, ಗೊರಕೆ. ರೇಡಿಯೋದಲ್ಲಿ ಮಾತಾಡುತ್ತಿದ್ದವರು ಕೋ-ಪೈಲಟ್.

ಆ ಮೇಲಿನದ್ದು ನಿಮಿಷಗಳ ಲೆಕ್ಕ. ಎರಡು ದಿನದ ಹಿಂದಷ್ಟೇ ಮಂಗಳೂರಿನ ರಾಡಾರ್ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ನಿಲ್ದಾಣಕ್ಕೆ ಸಾಕಷ್ಟು ಹತ್ತಿರ ಬಂದ ಮೇಲೆ. ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿ ವಿಮಾನ ಇತ್ತು. ಇಂಥ ಸಂದರ್ಭದಲ್ಲಿ ಮಾಡಬೇಕಾದ್ದು ಒಂದೇ: ಇಳಿಯೋದು ಬಿಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರೋದು. ಇದಕ್ಕೆ ಗೋ ಅರೌಂಡ್ ಅಂತಾರೆ. ಕೋ-ಪೈಲಟ್ ಮೂರು ಸಲ ಅದನ್ನೇ ಹೇಳಿದರು. ವಿಮಾನದ ಯಂತ್ರವೂ ಎಚ್ಚರಿಕೆ ಕೂಗಿತು. ಕ್ಯಾಪ್ಟನ್ ಕೇಳಲಿಲ್ಲ. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಉಳಿದದ್ದು ಸಾಲಲಿಲ್ಲ.

ಆ ಇಳಿತವನ್ನು ಕ್ಯಾಪ್ಟನ್ ಕೈಬಿಡದೇ ಇದ್ದದ್ದೇ ದುರಂತಕ್ಕೆ ನೇರ ಕಾರಣ ಅಂತ ವರದಿ ಹೇಳಿತು. ದೀರ್ಘ ನಿದ್ದೆಯಿಂದ ಎದ್ದಾಗಿನ ಮಂಕು ಅವರ ತೀರ್ಮಾನವನ್ನು ಕೆಡಿಸಿರಬಹುದು ಅಂತಲೂ ಹೇಳಿತು. ಮಧ್ಯಾಹ್ನ ಗಾಢ ನಿದ್ದೆ ಮಾಡಿ ಎದ್ದಾಗ ಇದು ಬೆಳಗ್ಗೆಯೋ ಸಂಜೆಯೋ ಅಂತ ಗೊತ್ತಾಗಲ್ವಲ್ಲ, ಅದೇ. ನಾವು ಆ ಹೊತ್ತಲ್ಲಿ ಮುಖ ತೊಳೆದು ಕಾಫಿ ಕುಡೀತೀವಿ. ಅವರು ಟೇಬಲ್‌ಟಾಪ್ ರನ್‌ವೇ ಮೇಲೆ ವಿಮಾನ ಇಳಿಸಬೇಕಿತ್ತು.

ಇಲ್ಲಿ ಎಲ್ಲ ಧ್ವನಿಯೂ ಸಿಕ್ಕಿತು. ಆದರೆ ಲೈಸೆನ್ಸ್ ರದ್ದು ಮಾಡೋಣ ಅಂದ್ರೆ ಇಬ್ಬರೂ ಪೈಲಟ್‌ಗಳು ಬದುಕಿರಲಿಲ್ಲ. ಮಿನಿಯಾಪೊಲಿಸ್‌ನಲ್ಲಿ ಶಿಕ್ಷೆ ಕೊಡೋಕೆ ಜನ ಇದ್ದರು, ಪುರಾವೆ ಇರಲಿಲ್ಲ. ಮಂಗಳೂರಿನಲ್ಲಿ ಪುರಾವೆ ಇತ್ತು, ಜನ ಇರಲಿಲ್ಲ. ಶಿಕ್ಷೆ ಒಂದನ್ನೇ ನಂಬಿ ಕೂತರೆ ಏನಾಗುತ್ತೆ ಅಂತ ಈ ಎರಡು ಘಟನೆ ಸೇರಿ ಹೇಳ್ತವೆ. ಶಿಕ್ಷೆ ಬರೋದು ಘಟನೆ ಆದ ಮೇಲೆ, ಅದೂ ಬದುಕಿ ಉಳಿದವರಿಗೆ.

ಗಮನ ಯಾಕೆ ಕೈಕೊಡುತ್ತೆ?

ಪೈಲಟ್‌ಗಳು ಅಂದ್ರೆ ಇಷ್ಟು ತರಬೇತಿ ಆದವರು, ಅವರಿಗೆ ಎಚ್ಚರವಾಗಿರೋಕೂ ಆಗಲ್ವಾ? ಈ ಪ್ರಶ್ನೆಗೆ ಎರಡನೇ ಮಹಾಯುದ್ಧದ ಕಾಲದಿಂದಲೇ ಉತ್ತರ ಇದೆ. ರಾಡಾರ್ ಪರದೆ ನೋಡ್ತಾ ಶತ್ರುಗಳ ಜಲಾಂತರ್ಗಾಮಿ ಹುಡುಕುವ ಬ್ರಿಟನ್‌ನ ಸೈನಿಕರು ಸ್ವಲ್ಪ ಹೊತ್ತಾದ ಮೇಲೆ ಕಣ್ಣೆದುರಿನ ಚುಕ್ಕಿಯನ್ನೂ ತಪ್ಪಿಸಿಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಪರೀಕ್ಷೆ ಮಾಡಿದರು. ಗಡಿಯಾರದಂಥ ಒಂದು ಬಿಳಿ ಮುಖ, ಒಂದು ಮುಳ್ಳು. ಮುಳ್ಳು ಟಿಕ್ ಟಿಕ್ ಅಂತ ಸರಿಯುತ್ತೆ, ಅಪರೂಪಕ್ಕೆ ಒಮ್ಮೆ ಎರಡು ಹೆಜ್ಜೆ ಹಾರುತ್ತೆ. ಹಾರಿದಾಗ ಗುಂಡಿ ಒತ್ತಬೇಕು. ಎರಡು ಗಂಟೆಯ ಕೆಲಸ. ಅರ್ಧ ಗಂಟೆ ಆಗುವಷ್ಟರಲ್ಲೇ ತಪ್ಪಿಸೋದು ಹೆಚ್ಚಾಯ್ತು.

ಏನೂ ಆಗದೇ ಇರೋದನ್ನು ನೋಡ್ತಾ ಕೂರೋದು ಮನುಷ್ಯನಿಗೆ ಬಾರದ ಕೆಲಸ. ಆಟೋಪೈಲಟ್ ಬಂದ ಮೇಲೆ ಪೈಲಟ್‌ಗೆ ನಾವು ಕೊಟ್ಟಿರೋದು ಗಂಟೆಗಟ್ಟಲೆ ಅದೇ ಕೆಲಸ.

ಹಾಗಂತ ಯಾವ ನಿಯಮವೂ ಇರಲಿಲ್ಲ ಅಂತಲ್ಲ. 1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲೆಟ್ ನಿಲ್ದಾಣದಲ್ಲಿ ಮಂಜಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ರನ್‌ವೇಗೆ ಮುಂಚೆಯೇ ನೆಲಕ್ಕೆ ಬಡಿಯಿತು. 70ಕ್ಕೂ ಹೆಚ್ಚು ಜನ ಸತ್ತರು. ಕೊನೆಯ ನಿಮಿಷಗಳಲ್ಲಿ ಪೈಲಟ್‌ಗಳು ರಾಜಕೀಯ, ಹಳೆಯ ಕಾರು ಅಂತ ಹರಟುತ್ತಿದ್ದರು. ಇಂಥ ಘಟನೆಗಳ ಪಾಠವಾಗಿ 1981ರಲ್ಲಿ ಒಂದು ನಿಯಮ ಬಂತು: 10,000 ಅಡಿಗಿಂತ ಕೆಳಗೆ ಇರುವಾಗ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಆದರೆ ನಾರ್ತ್‌ವೆಸ್ಟ್ ವಿಮಾನ ಇದ್ದದ್ದು 37,000 ಅಡಿಯಲ್ಲಿ. ಆ ನಿಯಮ ಅಲ್ಲಿಗೆ ಮುಟ್ಟಲೇ ಇಲ್ಲ.

ಆ ಘಟನೆಯ ಆಮೇಲೆ ಮುಟ್ಟಿತು. ಕಾಕ್‌ಪಿಟ್‌ನಲ್ಲಿ ಸ್ವಂತ ಕೆಲಸಕ್ಕೆ ಲ್ಯಾಪ್‌ಟಾಪ್, ಫೋನ್ ಬಳಸಬಾರದು ಅಂತ 2012ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು, 2014ರಲ್ಲಿ ಎಫ್‌ಎಎ ನಿಯಮ ಹೊರಡಿಸಿತು. ಮುಂಚೆಯೇ ತೀರ್ಮಾನವಾಗಿದ್ದ ಎರಡು ಗಂಟೆಯ ಧ್ವನಿ ಮುದ್ರಿಕೆ 2012ರಿಂದ ಕಡ್ಡಾಯವಾಯ್ತು. ಮುಂದಿನ ಪ್ರಯಾಣಿಕರನ್ನು ಕಾಯೋದು ಇಂಥ ಬದಲಾವಣೆಗಳು, ಇಬ್ಬರ ಲೈಸೆನ್ಸ್ ಹೋಗಿದ್ದಲ್ಲ.

ನಿಜ ಹೇಳಿದವರಿಗೆ ಏನಾಗುತ್ತೆ?

1974ರಲ್ಲೇ ಇನ್ನೊಂದು ಘಟನೆ. ಡಿಸೆಂಬರ್ 1ಕ್ಕೆ ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯೂಎ ವಿಮಾನ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ನಕ್ಷೆ ಮತ್ತು ಸೂಚನೆಯನ್ನು ಪೈಲಟ್‌ಗಳು ಒಂದು ಥರ, ಕಂಟ್ರೋಲರ್‌ಗಳು ಇನ್ನೊಂದು ಥರ ಅರ್ಥ ಮಾಡಿಕೊಂಡಿದ್ದರು. ಆರು ವಾರದ ಹಿಂದೆ ಬೇರೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ ಕೂದಲೆಳೆಯಲ್ಲಿ ಪಾರಾಗಿತ್ತು! ಆ ಸುದ್ದಿ ಅವರ ಕಂಪನಿಯೊಳಗೇ ಉಳಿಯಿತು. ಅದಕ್ಕಾಗಿ 1976ರಲ್ಲಿ ನಾಸಾ ಕೈಯಲ್ಲಿ ಒಂದು ವ್ಯವಸ್ಥೆ ಶುರುವಾಯ್ತು. ಪೈಲಟ್ ತನ್ನ ತಪ್ಪನ್ನು ಬರೆದು ಕಳಿಸಬಹುದು. ಹೆಸರು ಅಳಿಸಿ, ಪಾಠ ಮಾತ್ರ ಎಲ್ಲರಿಗೂ ಹಂಚುತ್ತಾರೆ. ಬೇಕಂತ ಮಾಡಿದ ತಪ್ಪಲ್ಲ, ಹತ್ತು ದಿನದೊಳಗೆ ಬರೆದಿದ್ದಾರೆ ಅಂದ್ರೆ ಸಾಮಾನ್ಯವಾಗಿ ಲೈಸೆನ್ಸ್ ಮುಟ್ಟಲ್ಲ. ಶಿಕ್ಷೆ ಕೊಡುವ ಎಫ್‌ಎಎ ಕೈಗೆ ಅದನ್ನು ಕೊಡದೆ ನಾಸಾಗೆ ಕೊಟ್ಟಿದ್ದು ಇದಕ್ಕೇ.

ನಿದ್ದೆಯ ವಿಷಯದಲ್ಲೂ ಇದೇ ಪಾಠ. ದೂರದ ಹಾರಾಟದಲ್ಲಿ ಸರದಿಯ ಮೇಲೆ ಸೀಟಲ್ಲೇ 40 ನಿಮಿಷ ವಿಶ್ರಾಂತಿ ಕೊಟ್ಟು ನಾಸಾ ಅಧ್ಯಯನ ಮಾಡಿತು. ಪೈಲಟ್‌ಗಳು ಸರಾಸರಿ 26 ನಿಮಿಷ ಮಲಗಿದರು, ಆಮೇಲೆ ಮಲಗದೇ ಇದ್ದವರಿಗಿಂತ ಹೆಚ್ಚು ಚುರುಕಾಗಿದ್ದರು. ಹೇಳಿ ಮಲಗುವ 26 ನಿಮಿಷ ಔಷಧ, ಹೇಳದೆ ಮಲಗುವ 100 ನಿಮಿಷ ಅಪಾಯ. ಇಂಥ ನಿಯಂತ್ರಿತ ವಿಶ್ರಾಂತಿಗೆ ಪದ್ಧತಿ ರೂಪಿಸಿ ಅಂತ ಮಂಗಳೂರು ವರದಿಯೂ ಶಿಫಾರಸು ಮಾಡಿತು.

ಆದರೂ ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದಿರಲೇಬೇಕಲ್ಲ. 2014ರ ಆಗಸ್ಟ್‌ನಲ್ಲಿ ಮುಂಬೈಯಿಂದ ಬ್ರಸೆಲ್ಸ್‌ಗೆ ಹೊರಟಿದ್ದ ಜೆಟ್ ಏರ್‌ವೇಸ್ ವಿಮಾನ ಟರ್ಕಿ ಮೇಲೆ ಸುಮಾರು 5,000 ಅಡಿ ಕೆಳಗಿಳಿದುಬಿಟ್ಟಿತು. ಕ್ಯಾಪ್ಟನ್ ನಿಯಂತ್ರಿತ ವಿಶ್ರಾಂತಿಯಲ್ಲಿದ್ದರು, ಕೋ-ಪೈಲಟ್ ಟ್ಯಾಬ್ಲೆಟ್ ನೋಡ್ತಿದ್ದರು. ನಮ್ಮ ಡಿಜಿಸಿಎ ಇಬ್ಬರನ್ನೂ ಅಮಾನತು ಮಾಡಿತು. 2024ರ ಜನವರಿ 25ರಂದು ಇಂಡೋನೇಷ್ಯಾದ ಬಾಟಿಕ್ ಏರ್ ವಿಮಾನದಲ್ಲಿ ಇಬ್ಬರೂ 28 ನಿಮಿಷ ನಿದ್ದೆ ಹೋದರು. ಕ್ಯಾಪ್ಟನ್ ಹೇಳಿಯೇ ಮಲಗಿದ್ದರು. ಕೋ-ಪೈಲಟ್‌ಗೆ ಗೊತ್ತಾಗದೆ ಕಣ್ಣು ಮುಚ್ಚಿತು. ಅವರ ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳಿದ್ದವು. ಕಂಪನಿ ಇಬ್ಬರನ್ನೂ ಅಮಾನತು ಮಾಡಿತು.

ರಾತ್ರಿಯಿಡೀ ಮಗು ಎತ್ತಿಕೊಂಡು ಓಡಾಡಿದ ಅಪ್ಪ ಬೆಳಗ್ಗೆ ಕಂಪನಿಗೆ ಫೋನ್ ಮಾಡಿ, ಸರ್, ಇವತ್ತು ನನ್ನ ಕೈಯಲ್ಲಿ ಹಾರಿಸೋಕೆ ಆಗಲ್ಲ ಅಂತ ಹೇಳಿದ್ರೆ ಏನಾಗುತ್ತೆ? ಸಂಬಳ ಕಟ್ ಆಗುತ್ತಾ, ಬಡ್ತಿ ತಪ್ಪುತ್ತಾ, ಅಥವಾ ಸರಿ, ಮಲ್ಕೊಳ್ಳಿ ಅಂತಾರಾ? ನಿಮ್ಮ ಮುಂದಿನ ವಿಮಾನದ ಸುರಕ್ಷತೆ ಇರೋದು ಈ ಉತ್ತರದಲ್ಲಿ.

ನಮ್ಮಲ್ಲೂ ಡಿಜಿಸಿಎ 2024ರಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ಹೊಸ ನಿಯಮ ಪ್ರಕಟಿಸಿತು, ರಾತ್ರಿಯ ಲ್ಯಾಂಡಿಂಗ್‌ಗಳಿಗೂ ಕಡಿವಾಣ ಹಾಕಿತು. ಅದು ಪೂರ್ತಿ ಜಾರಿಗೆ ಬಂದ ಹೊತ್ತಲ್ಲೇ, 2025ರ ಡಿಸೆಂಬರ್‌ನಲ್ಲಿ, ಇಂಡಿಗೋ ವಿಮಾನಗಳು ಸಾವಿರಾರು ಸಂಖ್ಯೆಯಲ್ಲಿ ರದ್ದಾದವು. ನಿಲ್ದಾಣಗಳಲ್ಲಿ ಸೂಟ್‌ಕೇಸ್ ಮೇಲೆ ಕೂತು ಬೈದವರಲ್ಲಿ ನಿಮ್ಮವರೂ ಇದ್ದಿರಬಹುದು. ಬೈಗುಳ ನ್ಯಾಯವೇ. ಆದರೆ ಪೈಲಟ್ ಮಲಗೋಕೆ ಸಮಯ ಕೊಟ್ಟರೆ ವೇಳಾಪಟ್ಟಿಯೇ ಕುಸಿಯುತ್ತೆ ಅಂದ್ರೆ, ಅಷ್ಟು ದಿನ ಆ ಪಟ್ಟಿ ನಿಂತಿದ್ದು ಯಾರ ನಿದ್ದೆಯ ಮೇಲೆ?

ನಾರ್ತ್‌ವೆಸ್ಟ್ ಪೈಲಟ್‌ಗಳಿಗೆ ಶಿಕ್ಷೆ ಬೇಡವಿತ್ತು ಅಂತ ನಾನು ಹೇಳ್ತಿಲ್ಲ. ನಿಯಮ ಗೊತ್ತಿದ್ದೂ ಲ್ಯಾಪ್‌ಟಾಪ್ ತೆರೆದರು, ಹಿಂದೆ 144 ಜೀವ ಇತ್ತು. ಆ ಬೆಲೆ ತೆರಬೇಕಾದ್ದೇ. ಆದರೆ ಶಿಕ್ಷೆ ಕೊಟ್ಟಾಯ್ತು, ಇನ್ನು ಎಲ್ಲ ಸರಿಹೋಯ್ತು ಅಂತ ಕೈತೊಳೆದುಕೊಂಡರೆ, ಮುಂದಿನ ಪೈಲಟ್ ಕಲಿಯೋದು ಎಚ್ಚರವಾಗಿರೋದನ್ನಲ್ಲ, ಬಾಯಿ ಮುಚ್ಚಿಕೊಂಡಿರೋದನ್ನು.

ಮಂಗಳೂರಿನಲ್ಲಿ ಕೂಳೂರಿನ ಬಳಿ 812ರಲ್ಲಿ ಹೋದವರ ನೆನಪಿಗೆ ಒಂದು ಉದ್ಯಾನ ಇದೆ. ಆ ಕಡೆ ಹೋದರೆ ಐದು ನಿಮಿಷ ನಿಂತು ಬನ್ನಿ.